ಕಂಬಿ ಒತ್ತುವ ಇಲಿಗಳು ಮತ್ತು ನನ್ನ ರೇಡಿಯೋ

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಮೊದಲು ಕೆಲಸ ಹೋಗುತ್ತದೆ ಎಂಬ ನೆಪ ಇತ್ತು. ನಿವೃತ್ತನಾದ ಮೇಲೆ ಪಿಂಚಣಿಗೆ ತೊಂದರೆಯಾದೀತು ಎಂಬ ನೆಪ. ಪಿಂಚಣಿ ಸರಿಯಾಗಿ ಬರತೊಡಗಿದ ಮೇಲೆ ಮಗಳ ಮದುವೆ, ಕಣ್ಣಿನ ಪೊರೆ, ಹೆಂಡತಿಯ ಮಂಡಿನೋವು. ಬೇರೆ ಯಾವುದರಲ್ಲಿ ಸೋಮಾರಿಯಾಗಿದ್ದರೂ ನೆಪ ಹುಡುಕುವುದರಲ್ಲಿ ನಾನು ಎಂದೂ ಸೋಮಾರಿಯಾಗಿರಲಿಲ್ಲ. ಈಗ ಉಳಿದಿರುವುದು ಒಂದೇ: ಇಷ್ಟು ಹಳೆಯ ಸಂಗತಿ ಯಾರಿಗೆ ಬೇಕು ಎಂಬುದು. ಬೇಕಾದವರು ಒಬ್ಬರಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತು.

ನಾನು ಓದಿದ್ದು ಹೈಸ್ಕೂಲಿನವರೆಗೆ. ಹುಟ್ಟಿದ್ದು, ಬೆಳೆದದ್ದು, ಮುದುಕನಾದದ್ದು ಎಲ್ಲ ಬಸವನಗುಡಿಯ ಸುತ್ತಮುತ್ತಲೇ. ಮೂರು ತಲೆಮಾರಿನಿಂದ ಒಂದೇ ಬೀದಿಯಲ್ಲಿದ್ದೇವೆ ಎಂಬುದನ್ನೇ ದೊಡ್ಡ ಸಾಧನೆ ಎಂದುಕೊಂಡ ಜನ ನಾವು. ಬೀದಿಯ ಕೊನೆಯ ನೇರಳೆ ಮರವೂ ಅಲ್ಲೇ ಇತ್ತು, ಅದು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ನಮ್ಮ ತಂದೆಗೆ ಗುರುತಿದ್ದವರೊಬ್ಬರ ಮಾತಿನಿಂದ ನನಗೆ ಹತ್ತಿರದ ಒಂದು ಕಾಲೇಜಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಮನಶ್ಶಾಸ್ತ್ರದ ವಿಭಾಗ. ಅಲ್ಲಿ ನನ್ನ ಮುಖ್ಯ ಕೆಲಸ ಇಲಿಗಳನ್ನು ನೋಡಿಕೊಳ್ಳುವುದು.

ಬಿಳಿ ಇಲಿಗಳು, ಕೆಂಪು ಕಣ್ಣು. ಅವುಗಳಿಗೆಂದು ಒಂದು ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಒಂದು ಗೋಡೆಯಲ್ಲಿ ಗಿಡ್ಡನೆಯ ಕಂಬಿ, ಕಂಬಿಯ ಪಕ್ಕ ಪುಟ್ಟ ಬಟ್ಟಲು. ಇಲಿ ಕಂಬಿಯನ್ನು ಒತ್ತಿದರೆ ಟಕ್ ಎಂದು ಶಬ್ದವಾಗಿ ಬಟ್ಟಲಿಗೆ ಒಂದು ಕಾಳು ಬೀಳುತ್ತಿತ್ತು. ತಂತಿಯೊಂದು ಗೋಡೆ ದಾಟಿ ಹೊರಕೋಣೆಗೆ ಹೋಗಿ ಅಲ್ಲಿದ್ದ ಯಂತ್ರಕ್ಕೆ ಸೇರುತ್ತಿತ್ತು. ಆ ಯಂತ್ರದಲ್ಲಿ ಕಾಗದದ ಸುರುಳಿ ನಿಧಾನವಾಗಿ ಉರುಳುತ್ತಿರುತ್ತದೆ, ಅದರ ಮೇಲೊಂದು ಲೇಖನಿ. ಇಲಿ ಒತ್ತಿದಾಗಲೆಲ್ಲ ಲೇಖನಿ ಕೂದಲಷ್ಟು ಮೇಲೇರುತ್ತದೆ. ಬೇಗಬೇಗ ಒತ್ತಿದರೆ ಗೆರೆ ಗುಡ್ಡ ಹತ್ತಿದ ಹಾಗೆ ಏರುತ್ತದೆ, ನಿಧಾನಿಸಿದರೆ ಬಯಲಿನ ಹಾಗೆ ಮಲಗುತ್ತದೆ. ಒಳಗೆ ಇಣುಕದೆಯೇ ಇಲಿ ಎಷ್ಟು ಚುರುಕಾಗಿದೆ ಎಂದು ಕಾಗದ ನೋಡಿ ಹೇಳಬಹುದಿತ್ತು.

ವಿಭಾಗದ ಮುಖ್ಯಸ್ಥರಿಗೆ ಈ ಪೆಟ್ಟಿಗೆ ಒಂದು ಆಟದ ಸಾಮಾನು. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ, ತಪಾಸಣೆಗೆ ದೊಡ್ಡವರು ಬಂದಾಗ, ಅವರು ಒಂದೇ ಪ್ರದರ್ಶನ ಕೊಡುತ್ತಿದ್ದರು. ಹಿಂದಿನ ದಿನವೇ ನನಗೆ ಹೇಳಿ ಒಂದು ಇಲಿಯನ್ನು ಉಪವಾಸ ಕೆಡವಿಸುವುದು. ಮಾರನೆಯ ದಿನ ಅದನ್ನು ಪೆಟ್ಟಿಗೆಗೆ ಬಿಟ್ಟು, ಅದು ಕಂಬಿ ಒತ್ತುವಾಗ, ನೋಡಿ, ಇದು ಹಸಿವು ಎನ್ನುವುದು. ಸ್ವಲ್ಪ ಹೊತ್ತಿನ ಮೇಲೆ ಅದು ನಿಧಾನಿಸಿದಾಗ, ನೋಡಿ, ಹೊಟ್ಟೆ ತುಂಬಿತು, ನಮ್ಮ ಸರ್ಕಾರಿ ನೌಕರರ ಹಾಗೆ ಎನ್ನುವುದು. ವಿದ್ಯಾರ್ಥಿಗಳು ನಗುತ್ತಿದ್ದರು. ಬಾಗಿಲ ಬಳಿ ನಿಂತು ನಾನೂ ನಗುತ್ತಿದ್ದೆ. ಪ್ರತಿವರ್ಷ ಅದೇ ಮಾತಿಗೆ ಅದೇ ನಗು. ಸಫಾರಿ ಸೂಟು ತೊಟ್ಟ ಆ ಮನುಷ್ಯ ಹೊರದೇಶದಲ್ಲಿ ಓದಿ ಬಂದು ಆಮೇಲೆ ಕಲಿತದ್ದು ಏನೂ ಇರಲಿಲ್ಲ. ನಾನು ಎಲ್ಲೂ ಹೋಗದೆ ಏನೂ ಕಲಿಯಲಿಲ್ಲ. ಇಬ್ಬರೂ ಚೆನ್ನಾಗಿ ಹೊಂದಿಕೊಂಡಿದ್ದೆವು.

ತೊಂಬತ್ತರ ದಶಕದ ನಡುವೆ ನಮ್ಮ ವಿಭಾಗಕ್ಕೆ ಒಬ್ಬ ಹೊಸ ಅಧ್ಯಾಪಕಿ ಬಂದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಮಾಗಡಿಯ ಕಡೆಯ ಹಳ್ಳಿಯವರು. ಅವರ ತಂದೆ ಹೊಲ ಇಟ್ಟುಕೊಂಡೇ ಬೆಂಗಳೂರಿಗೆ ಬಂದು ಸಿಮೆಂಟಿನ ಅಂಗಡಿ ಹಾಕಿದ್ದರಂತೆ. ಆಕೆ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಮಧ್ಯಾಹ್ನ ಡಬ್ಬಿ ತೆರೆದರೆ ಮುದ್ದೆ, ಸೊಪ್ಪಿನ ಸಾರು. ಮೊದಲ ವಾರವೇ ನಾನು ಅವರಿಗೆ ಮುದ್ದೆ ಮೇಡಂ ಎಂದು ಹೆಸರಿಟ್ಟೆ. ಅದು ಜವಾನರ ಬೆಂಚಿನಿಂದ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ವಿದ್ಯಾರ್ಥಿಗಳಿಗೆ ಹೋಯಿತು. ನನ್ನ ಜೀವನದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ದೂರ ಹೋದದ್ದು ಇನ್ನೊಂದಿಲ್ಲ.

ಅವರು ಮುಖ್ಯಸ್ಥರ ಕೈಕೆಳಗೆ ಡಾಕ್ಟರೇಟಿಗೆ ಸಂಶೋಧನೆ ಮಾಡುತ್ತಿದ್ದರು. ವಿಷಯ ಇದೇ: ಪೆಟ್ಟಿಗೆಯಲ್ಲಿ ಬಿಟ್ಟಷ್ಟು ಹೊತ್ತು ಇಲಿ ಒಂದೇ ವೇಗದಲ್ಲಿ ಯಾಕೆ ಕಂಬಿ ಒತ್ತುವುದಿಲ್ಲ ಎಂಬುದು. ಬಂದವರೇ ಒಂದು ನಿಯಮ ಮಾಡಿದರು. ಇಲಿಗಳ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹಾಕಿಸಿದರು. ದೀಪ ಹತ್ತಿರುವಾಗ ಯಾರೂ ಒಳಗೆ ಹೋಗಕೂಡದು. ಅವರು ಕೂಡ ಒಳಗೆ ಇರುತ್ತಿರಲಿಲ್ಲ, ಹೊರಕೋಣೆಯಲ್ಲಿ ಯಂತ್ರದ ಮುಂದೆ ಕುಳಿತು ಗೆರೆ ನೋಡುತ್ತಿದ್ದರು.

ನನಗೆ ಇದನ್ನು ಸಹಿಸಲಾಗಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿ, ಊರಿನಲ್ಲಿ ಇಲಿ ಕಂಡರೆ ಕೋಲು ತೆಗೆದುಕೊಂಡು ಓಡುವವಳು, ನನ್ನ ಇಲಿಗಳ ಕೋಣೆಗೆ ನನ್ನನ್ನೇ ಬರಬೇಡ ಎನ್ನುವುದೇ? ಹೀಗೆ ಯೋಚಿಸಿದೆ. ನನ್ನ ಇಲಿಗಳು. ಹಿಕ್ಕೆ ಬಳಿಯುವಾಗ ಅವು ಕಾಲೇಜಿನ ಇಲಿಗಳು, ಬೇರೆಯವರು ಮುಟ್ಟಿದಾಗ ಮಾತ್ರ ನನ್ನವು.

ಒಂದು ದಿನ ಪೆಟ್ಟಿಗೆಯಿಂದ ಇಲಿಯನ್ನು ತೆಗೆಯುವಾಗ ನಾನು ಮುಖ್ಯಸ್ಥರ ದನಿಯಲ್ಲೇ, ಹೊಟ್ಟೆ ತುಂಬಿತು, ಅದಕ್ಕೇ ನಿಂತುಬಿಟ್ಟಿತು ಎಂದೆ. ಆಕೆ ಆ ಇಲಿಯನ್ನು ಅದರ ಗೂಡಿಗೆ ಬಿಟ್ಟು, ಒಂದು ಹಿಡಿ ಅದೇ ಕಾಳನ್ನು ಹಾಕಿದರು. ಈಗತಾನೇ ಕಂಬಿಯ ಕಡೆ ಬೆನ್ನು ಹಾಕಿ ಮೀಸೆ ಒರೆಸಿಕೊಳ್ಳುತ್ತಿದ್ದ ಇಲಿ ಗಬಗಬ ತಿನ್ನತೊಡಗಿತು.

"ಹೊಟ್ಟೆ ತುಂಬಿದ್ರೆ ಇದ್ಯಾಕ್ ಹಿಂಗ್ ತಿಂತಿದೆ ಹೇಳಿ," ಎಂದರು.

ನಾನು ಗೂಡಿನ ಬಾಗಿಲು ಹಾಕಿದೆ.

"ಇನ್ನೊಂದು. ಹಸಿವೇ ಎಲ್ಲ ಅನ್ನೋದಾದ್ರೆ ಬಿಟ್ಟ ತಕ್ಷಣ ಎಲ್ಲಕ್ಕಿಂತ ಜೋರಾಗಿ ಒತ್ಬೇಕಲ್ವಾ? ಹಾಗ್ ಮಾಡಲ್ಲ. ಮೊದ್ಲು ನಿಧಾನ, ಆಮೇಲೆ ಜಾಸ್ತಿ ಆಗ್ತಾ ಹೋಗತ್ತೆ, ಮೇಲಕ್ಕೆ ಮುಟ್ಟತ್ತೆ, ಅಲ್ಲಿಂದ ಇಳಿಯತ್ತೆ. ಎಲ್ರೂ ಇಳಿಯೋದನ್ನ ಮಾತ್ರ ನೋಡ್ತಾರೆ."

ಅವರು ಕಾಗದದ ಸುರುಳಿ ಬಿಡಿಸಿ ತೋರಿಸಿದರು. ಅವರು ಹೇಳಿದ ಹಾಗೆಯೇ ಇತ್ತು. ಆರಂಭದಲ್ಲಿ ಓರೆ, ನಂತರ ಕಡಿದಾದ ಏರು, ಆಮೇಲೆ ನಿಧಾನವಾಗಿ ಮಲಗುವ ಗೆರೆ. ಬೇರೆ ಬೇರೆ ಇಲಿ, ಬೇರೆ ಬೇರೆ ದಿನ, ಆಕಾರ ಒಂದೇ. ನಾನು ಅಷ್ಟು ವರ್ಷ ಆ ಕಾಗದಗಳನ್ನು ಮಡಿಸಿ ಬೀರುವಿನಲ್ಲಿಟ್ಟಿದ್ದೆ, ಒಮ್ಮೆಯೂ ನೋಡಿರಲಿಲ್ಲ. ಆಕೆ ವಿವರಿಸಿದರು: ಶುರುವಿನಲ್ಲಿ ಇಲಿಗೆ ಪೆಟ್ಟಿಗೆಯಲ್ಲಿರುವುದೆಲ್ಲ ಎಚ್ಚರ ತರುತ್ತದೆ, ಅದು ಕಾವೇರುತ್ತದೆ. ಹೊತ್ತು ಕಳೆದ ಹಾಗೆ ಅದೇ ಕಾಳು, ಅದೇ ಬೆಳಕು, ಅದೇ ಟಕ್ ಎನ್ನುವ ಶಬ್ದ ಸಪ್ಪೆಯಾಗುತ್ತದೆ. ತುಂಬುವುದು ಹೊಟ್ಟೆಯಲ್ಲ, ಕಿವಿ, ಕಣ್ಣು, ನಾಲಿಗೆ. ಈ ಮಾತನ್ನು ಸಾಬೀತು ಮಾಡಬೇಕಾದರೆ ಕೋಣೆಯಲ್ಲಿ ಹೊಸದು ಏನೂ ಬರಬಾರದು. ಹೊಸ ಶಬ್ದವೋ ವಾಸನೆಯೋ ಬಂದರೆ ಇಲಿ ಮತ್ತೆ ಚುರುಕಾಗಿಬಿಡುತ್ತದೆ. ಕೆಂಪು ದೀಪ ಅದಕ್ಕೆ.

ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಒಂದು ಗಳಿಗೆ ಖುಷಿಯೂ ಆಯಿತು. ಆಮೇಲೆ, ಯಾರಿಂದ ಅರ್ಥವಾಯಿತು ಎಂಬುದು ನೆನಪಾಗಿ ಸಿಟ್ಟು ಬಂತು. ಸಂಜೆ ಮನೆಯಲ್ಲಿ ಹೆಂಡತಿಗೆ, ಇಲಿಗೆ ಬೇಜಾರಾಗುತ್ತದಂತೆ ಎಂದು ಹೇಳಿ ನಕ್ಕೆ. ಅವಳು ಅವರೆಕಾಳು ಸುಲಿಯುತ್ತಾ, "ನಿಮಗೆ ಆಗಲ್ವಾ ಮತ್ತೆ," ಎಂದಳು.

ಆಗುತ್ತಿತ್ತು. ಇಡೀ ಕಾಲೇಜಿಗೆ ಆಗುತ್ತಿತ್ತು. ಜೂನ್ ತಿಂಗಳಲ್ಲಿ ಹೊಸ ಚಪ್ಪಲಿ ಹಾಕಿಕೊಂಡು ಬಂದು ಗಂಟಲು ಹರಿಯುವಂತೆ ಪಾಠ ಮಾಡುವ ಮೇಷ್ಟರು ದೀಪಾವಳಿಯ ಹೊತ್ತಿಗೆ ಹಳೆಯ ನೋಟ್ಸು ಓದುತ್ತಾ ಆಕಳಿಸುತ್ತಿದ್ದರು. ಸಂಬಳದಿಂದ ಅವರ ಹೊಟ್ಟೆಯೇನೂ ತುಂಬಿ ಹೋಗಿರಲಿಲ್ಲ. ತಪಾಸಣೆಯವರು ಬರುತ್ತಾರೆ ಎಂದರೆ ಸಾಕು, ಎಲ್ಲರೂ ಮತ್ತೆ ಕಂಬಿ ಒತ್ತುತ್ತಿದ್ದರು. ನಾನಂತೂ ಬೆಳಿಗ್ಗೆ ಕಸ ಹೊಡೆದು ಮುಗಿಸುವಷ್ಟರಲ್ಲೇ ಮಲಗಿದ ಗೆರೆಯಾಗಿಬಿಡುತ್ತಿದ್ದೆ.

ನನ್ನನ್ನು ಎಬ್ಬಿಸುತ್ತಿದ್ದುದು ಕ್ರಿಕೆಟ್ ಒಂದೇ. ನನ್ನ ಹತ್ತಿರ ಅಂಗೈಯಲ್ಲಿ ಹಿಡಿಯುವಂಥ ರೇಡಿಯೋ ಇತ್ತು. ಜವಾನರ ಬೆಂಚಿನಲ್ಲಿ ಹಾಕುವ ಹಾಗಿರಲಿಲ್ಲ, ಕ್ಯಾಂಟೀನಿನಲ್ಲಿ ಗದ್ದಲ. ಇಲಿಗಳ ಕೋಣೆಗೆ ಹಿತ್ತಿಲಿನಿಂದ ಇನ್ನೊಂದು ಬಾಗಿಲಿತ್ತು, ಕಸ ಹೊರಗೆ ಹಾಕಲೆಂದು. ಅದರ ಬೀಗದ ಕೈ ನನ್ನ ಬಳಿ. ಒಳಗೆ ಹೋದರೆ ಒಂದು ತಡಿಕೆ, ತಡಿಕೆಯ ಹಿಂದೆ ಮರದ ಹೊಟ್ಟಿನ ಮೂಟೆಗಳು. ತಂಪು, ಕತ್ತಲು. ಮ್ಯಾಚ್ ಇದ್ದ ದಿನ, ಮುಂದಿನ ಬಾಗಿಲಲ್ಲಿ ಕೆಂಪು ದೀಪ ಹತ್ತಿರುವಾಗಲೇ, ನಾನು ಹಿಂದಿನ ಬಾಗಿಲಿನಿಂದ ಒಳಗೆ ಸೇರಿ, ಮೂಟೆಗೆ ಒರಗಿ, ಬೇಕರಿಯಿಂದ ತಂದ ಖಾರದ ಕಡಲೇಕಾಯಿ ಬೀಜದ ಪೊಟ್ಟಣ ಬಿಚ್ಚಿ, ಸಣ್ಣ ದನಿಯಲ್ಲಿ ಕಾಮೆಂಟರಿ ಹಾಕಿಕೊಳ್ಳುತ್ತಿದ್ದೆ. ಅವರು ಬೇಡ ಎಂದದ್ದರಿಂದಲೇ ಅಲ್ಲಿ ಕೂರುವುದಕ್ಕೆ ಒಂದು ರುಚಿ ಬಂದಿತ್ತು.

ತಡಿಕೆಯ ಸಂದಿನಿಂದ ಪೆಟ್ಟಿಗೆ ಕಾಣುತ್ತಿತ್ತು. ಸುಮ್ಮನೆ ಮೂಲೆಯಲ್ಲಿ ಕುಳಿತಿದ್ದ ಇಲಿ ನಾನು ರೇಡಿಯೋ ತಿರುಗಿಸಿದ ಕೂಡಲೇ ಕಿವಿ ನಿಮಿರಿಸುತ್ತಿತ್ತು. ಮೂಗು ಮೇಲೆತ್ತಿ ಗಾಳಿ ಮೂಸುತ್ತಿತ್ತು. ಆಮೇಲೆ ಎದ್ದು ಹೋಗಿ ಕಂಬಿ ಒತ್ತತೊಡಗುತ್ತಿತ್ತು, ಟಕ್ ಟಕ್ ಎಂದು, ಬೆಳಗಿನ ಹುರುಪಿನಲ್ಲಿ. ಗಮನಿಸಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಗಮನಿಸಿದೆ. ನನ್ನ ಕಾಮೆಂಟರಿ ಕೇಳಿ ಇಲಿಯೂ ಆಡುತ್ತಿದೆ ಎಂದು ನಕ್ಕೆ. ಗೋಡೆಯ ಆಚೆ ಮುದ್ದೆ ಮೇಡಂ ಆ ಗೆರೆಯನ್ನು ನೋಡಿ ತಲೆ ಕೆರೆದುಕೊಳ್ಳುತ್ತಿರುತ್ತಾರೆ ಎಂದುಕೊಂಡು ಇನ್ನಷ್ಟು ನಕ್ಕೆ.

ಅವರು ನಿಜಕ್ಕೂ ತಲೆ ಕೆಡಿಸಿಕೊಂಡರು. ಎಲ್ಲ ಗೆರೆಗಳೂ ಒಂದೇ ಆಕಾರ, ಕೆಲವು ದಿನ ಮಾತ್ರ ಮಲಗಿದ ಗೆರೆ ನಡುವೆ ಎದ್ದು ನಿಲ್ಲುತ್ತಿತ್ತು. ತಂತಿ ಬದಲಾಯಿಸಿದರು. ಕಾಳಿಗೆ ತೇವ ತಗುಲಿದೆಯೋ ಎಂದು ಡಬ್ಬ ಬದಲಾಯಿಸಿದರು. ಎಲೆಕ್ಟ್ರಿಷಿಯನ್ನನ್ನು ಕರೆಸಿದರು, ಅವನಿಗೆ ಏಣಿ ಹಿಡಿದವನು ನಾನೇ. ಏಣಿ ಹಿಡಿದು, ಹಳೆಯ ಕಟ್ಟಡ ಮೇಡಂ, ಕರೆಂಟು ಏರುಪೇರಾಗುತ್ತದೆ ಎಂದು ಸಲಹೆಯನ್ನೂ ಕೊಟ್ಟೆ. ತಮ್ಮಿಂದಲೇ ಎಲ್ಲೋ ತಪ್ಪಾಗುತ್ತಿದೆ ಎಂದು ಅವರು ಹೇಳಿದಾಗ ನಾನು ಕನಿಕರದಿಂದ ತಲೆ ಆಡಿಸಿದೆ. ಕನಿಕರದಿಂದ. ಆ ಮುಖ ಈಗ ಕನ್ನಡಿಯಲ್ಲಿ ಕಂಡರೆ ಉಗಿಯಬೇಕು ಅನಿಸುತ್ತದೆ.

ಕೊನೆಗೆ ಅವರಿಗೆ ಗೊತ್ತಾಯಿತು. ಒಂದು ದಿನ ನಾನು ಹಿತ್ತಿಲಿನ ನಲ್ಲಿಯಲ್ಲಿ ಗೂಡುಗಳನ್ನು ತೊಳೆಯುತ್ತಿದ್ದಾಗ ಬಂದು ನಿಂತರು. ಅಂಗೈಯಲ್ಲಿ ಕಡಲೇಕಾಯಿ ಬೀಜದ ಕೆಂಪು ಸಿಪ್ಪೆ ಇತ್ತು, ಮೂಟೆಯ ಹಿಂದಿನಿಂದ ಹೆಕ್ಕಿ ತಂದದ್ದು.

"ಮ್ಯಾಚ್ ಇದ್ದ ದಿನಗಳಲ್ಲೇ ಹೀಗಾಗಿರೋದು," ಎಂದರು. "ಹಳೇ ನ್ಯೂಸ್ ಪೇಪರ್ ನೋಡಿ ತಾಳೆ ಹಾಕ್ದೆ."

ನಾನು ನಲ್ಲಿಯನ್ನು ನಿಲ್ಲಿಸಲಿಲ್ಲ. ನೀರಿನ ಶಬ್ದದಲ್ಲಿ ಕೇಳಿಸದವನಂತೆ ನಟಿಸಬಹುದಿತ್ತು. ಅವರು ತಾವೇ ಬಗ್ಗಿ ನಲ್ಲಿ ನಿಲ್ಲಿಸಿದರು.

"ನಾನು ಕಂಪ್ಲೇಂಟ್ ಮಾಡೋಕ್ ಬಂದಿಲ್ಲ. ನೀವು ಒಳ್ಳೇದೇ ಮಾಡಿದೀರ ಒಂದು ಲೆಕ್ಕದಲ್ಲಿ. ಹೊಟ್ಟೆ ತುಂಬಿ ಇಲಿ ನಿಂತಿದ್ರೆ, ರೇಡಿಯೋ ಕೇಳಿ ಮತ್ತೆ ಯಾಕ್ ಒತ್ತತ್ತೆ? ರೇಡಿಯೋ ಏನು ಹೊಟ್ಟೆ ಖಾಲಿ ಮಾಡತ್ತಾ? ನಾನು ಹೇಳ್ತಿರೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಬರೋ ವಾರ ಹೊರಗಿಂದ ಪ್ರೊಫೆಸರ್ ಬರ್ತಾರೆ ನನ್ನ ಕೆಲಸ ನೋಡೋಕೆ. ಅವರು ಕೇಳಿದ್ರೆ ಇದ್ದದ್ದು ಹೇಳಿ. ಒಳಗಿದ್ದೆ, ರೇಡಿಯೋ ಹಾಕಿದ್ದೆ ಅಂತ. ನೀವು ಹೇಳ್ಲಿಲ್ಲ ಅಂದ್ರೆ ಈ ಗೆರೆಗಳನ್ನ ನಾನೇ ಕೆಡಿಸ್ದೆ ಅಂತಾರೆ. ಹೇಳಿದ್ರೆ ನನ್ನ ಥೀಸಿಸ್ ಉಳಿಯತ್ತೆ."

"ನೋಡೋಣ ಮೇಡಂ," ಎಂದೆ.

ಈ 'ನೋಡೋಣ' ಎಂಬುದು ನಮ್ಮ ಕಡೆಯ ಸಭ್ಯರ ಮಾತು. ಇಲ್ಲ ಎನ್ನುವ ಧೈರ್ಯ ಇಲ್ಲದವರು, ಹೂಂ ಎನ್ನುವ ಮನಸ್ಸಿಲ್ಲದವರು ಬಳಸುವುದು. ಅವರ ಊರಿನಲ್ಲಿ ಅದರ ಅರ್ಥ ಬೇರೆಯಿರಬೇಕು. ಅವರು ಸಮಾಧಾನದಿಂದ ಹೋದರು.

ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಹೇಳಿಕೊಂಡರೆ ನನಗೆ ಅನುಕೂಲ. ಆದರೆ ಹೆದರಲು ಏನಿತ್ತು? ಮುಖ್ಯಸ್ಥರೇ ಕ್ರಿಕೆಟ್ ಹುಚ್ಚಿನವರು, ತಮ್ಮ ಕೋಣೆಯಿಂದ ನನ್ನನ್ನು ಕರೆದು ಸ್ಕೋರ್ ಕೇಳುತ್ತಿದ್ದರು. ನಿಜ ಹೇಳಿದ್ದರೆ ಎರಡು ಬೈಗುಳ ಸಿಗುತ್ತಿದ್ದವು, ಅಷ್ಟೇ. ಆ ವಾರವೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಹೆದರಿಕೆಯಲ್ಲ. ಆಕೆ ಗೆಲ್ಲಬೇಕಾದರೆ ನನ್ನ ಬಾಯಿಂದ ಒಂದು ಮಾತು ಬರಬೇಕು ಎಂಬುದು. ಹುಟ್ಟಿದಾಗಿನಿಂದ ಯಾರೂ ನನ್ನ ಮಾತಿಗೆ ಕಾದಿರಲಿಲ್ಲ. ಈಗ ಒಬ್ಬರು ಕಾಯುತ್ತಿದ್ದರು, ಅದೂ ಓದಿದವರು. ಅದನ್ನು ಕೊಟ್ಟುಬಿಟ್ಟರೆ ನನ್ನ ಕೈಯಲ್ಲಿ ಮತ್ತೆ ಏನೂ ಇರುತ್ತಿರಲಿಲ್ಲ.

ಹೊರಗಿನ ಪ್ರೊಫೆಸರ್ ಬಂದರು. ವಯಸ್ಸಾದವರು, ಮೆದು ಮಾತಿನವರು. ಮೇಜಿನ ಮೇಲೆ ಸುರುಳಿಗಳನ್ನು ಹಾಸಿದ್ದರು, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಾಫಿ ಲೋಟಗಳನ್ನು ಇಟ್ಟವನು ನಾನು. ಅವರು ಗೆರೆಗಳ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ನೋಡಿದರು. ಏರು, ಇಳಿತ ಒಪ್ಪಿಗೆಯಾದ ಹಾಗೆ ಕಂಡಿತು. ಮತ್ತೆ ಎದ್ದ ಗೆರೆಗಳ ಬಳಿ ಬೆರಳು ನಿಂತಿತು. ಇದೇನು ಎಂದು ಕೇಳಿದರು. ಆಕೆ, ಆ ದಿನಗಳಲ್ಲಿ ಒಳಗೆ ಒಂದು ಶಬ್ದ ಆಗಿದೆ, ಅದನ್ನು ಅಟೆಂಡರ್ ಅವರೇ ಹೇಳುತ್ತಾರೆ ಎಂದರು. 'ಅವರೇ' ಎಂದರು, ನನ್ನನ್ನು. ಮುಖ್ಯಸ್ಥರು ಅಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಅಂದವರಲ್ಲ.

"ಬಾಪ್ಪಾ ಇಲ್ಲಿ," ಎಂದರು ಮುಖ್ಯಸ್ಥರು. "ದೀಪ ಹತ್ತಿದ್ದಾಗ ಒಳಗೆ ಯಾರಾದ್ರೂ ಹೋಗಿದ್ರಾ?"

ಆಕೆ ನನ್ನನ್ನು ನೋಡಿದರು. ಬೇಡುವ ನೋಟವಲ್ಲ. ಸ್ವಿಚ್ಚು ಒತ್ತಿದವರು ದೀಪದ ಕಡೆ ನೋಡುತ್ತಾರಲ್ಲ, ಹತ್ತಿಯೇ ಹತ್ತುತ್ತದೆ ಎಂದು, ಹಾಗೆ.

"ಇಲ್ಲ ಸಾರ್," ಎಂದೆ. "ಬೀಗದ ಕೈ ನನ್ನ ಹತ್ರಾನೇ ಇರತ್ತೆ. ನೊಣಾನೂ ಒಳಗೆ ಬಿಡಲ್ಲ ನಾನು."

"ಯಾಕ್ ಹೀಗ್ ಹೇಳ್ತಿದೀರಾ?" ಎಂದರು ಆಕೆ. ದನಿ ಏರಿರಲಿಲ್ಲ. ನಿಜವಾಗಿ ಉತ್ತರ ಬೇಕೆಂದು ಕೇಳಿದ್ದು.

ನಾನು ಕೈ ಮುಗಿದು ನೆಲ ನೋಡಿದೆ. ಬಡವನ ಮೇಲೆ ತಪ್ಪು ಹೊರಿಸುತ್ತಿದ್ದಾರೆ ಎಂದು ಕಾಣುವ ಹಾಗೆ ನಿಂತೆ. ಆ ನಿಲುವು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮುಖ್ಯಸ್ಥರು, ನಮ್ಮ ಲೆಕ್ಕ ತಪ್ಪಿದರೆ ಕೆಳಗಿನವರ ಮೇಲೆ ಹಾಕಬಾರದು ಎಂದು ಬುದ್ಧಿ ಹೇಳಿದರು. ಅವರ ಮುಖದಲ್ಲಿ ನೆಮ್ಮದಿ ಇತ್ತು. ಹೊಟ್ಟೆ ತುಂಬುವ ಅವರ ಪಾಠ, ಸರ್ಕಾರಿ ನೌಕರರ ಹಾಸ್ಯ, ಎಲ್ಲ ಉಳಿಯಿತಲ್ಲ. ಹೊರಗಿನವರು ಕನ್ನಡಕ ತೆಗೆದು, ಕಾರಣ ಗೊತ್ತಿಲ್ಲದ ಗೆರೆಗಳು ಇಷ್ಟಿದ್ದರೆ ಉಳಿದವನ್ನು ನಂಬುವುದು ಕಷ್ಟ ಎಂದು ಮೆಲ್ಲಗೆ ಹೇಳಿದರು. ಆಕೆ, ಬೇಕೆಂದೇ ರೇಡಿಯೋ ಇಟ್ಟು ಮತ್ತೆ ಮಾಡಿ ತೋರಿಸುತ್ತೇನೆ, ಸ್ವಲ್ಪ ಕಾಲ ಕೊಡಿ ಎಂದು ಕೇಳಿದರು. ಮುಖ್ಯಸ್ಥರು ಒಪ್ಪಲಿಲ್ಲ. ಪ್ರಾಣಿಗಳನ್ನು ಇಟ್ಟುಕೊಳ್ಳುವುದಕ್ಕೆ ಈಗ ಏನೇನೋ ನಿಯಮಗಳು ಬಂದಿವೆ, ಆ ಕೋಣೆಯನ್ನು ಮುಚ್ಚುವುದೆಂದು ತೀರ್ಮಾನವಾಗಿದೆ ಎಂದರು. ತೀರ್ಮಾನ ಆ ಕ್ಷಣದಲ್ಲಿ ಆದದ್ದೆಂದು ಲೋಟ ಎತ್ತುತ್ತಿದ್ದ ನನಗೂ ತಿಳಿಯಿತು.

ಕೋಣೆ ಮುಚ್ಚಿತು. ಇಲಿಗಳನ್ನು ಬೇರೆ ಯಾವುದೋ ಕಾಲೇಜಿನವರು ಬಂದು ಒಯ್ದರು. ಒಯ್ಯುವ ಬೆಳಿಗ್ಗೆ ಆಕೆ ಬಂದು, ನನಗೆ ಬಿಡದೆ, ಗೂಡುಗಳನ್ನು ತಾವೇ ಶುಚಿ ಮಾಡಿ, ಪ್ರತಿ ಇಲಿಗೂ ಬಟ್ಟಲು ತುಂಬಾ ಕಾಳು ಹಾಕಿದರು. ಕಂಬಿ ಒತ್ತದೆ ಸಿಕ್ಕ ಕಾಳು. ಕೆಂಪು ದೀಪದ ಬಲ್ಬು ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡರು, ಅದು ಅವರದೇ ಖರ್ಚಿನದು. ಆ ವರ್ಷವೇ ಕೆಲಸ ಬಿಟ್ಟರು. ಹೋಗುವಾಗ ನನಗೆ ಏನೂ ಹೇಳಲಿಲ್ಲ. ಒಂದು ಮಾತು ಬೈದಿದ್ದರೆ ಅದನ್ನೇ ಹಿಡಿದುಕೊಂಡು, ಅವರೂ ಬೈದರಲ್ಲ ಎಂದು ನಾನು ಆರಾಮಾಗಿ ಇದ್ದುಬಿಡುತ್ತಿದ್ದೆ.

ಆರಾಮಾಗಿಯೇ ಇದ್ದೆ, ಬಹಳ ಕಾಲ. ಸಂಜೆ ಪಾರ್ಕಿನ ಬೆಂಚಿನಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಅಲ್ಲಿ ನಾನು ಈ ಕಥೆಯನ್ನು ತಮಾಷೆಯಾಗಿ ಹೇಳಿದೆ: ಮುದ್ದೆ ಮೇಡಂಗೆ ನಾನೂ ನನ್ನ ಇಲಿಗಳೂ ಸೇರಿ ಪಾಠ ಕಲಿಸಿದ್ದು. ಮೊದಲ ಸಲ ಮುಗುಳ್ನಕ್ಕರು. ಮತ್ತೆ ಮತ್ತೆ ಹೇಳಿಸಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ಇಳಿಯತೊಡಗಿತು. ನಾನು ಹೊಸ ಹೊಸ ತುಣುಕು ಸೇರಿಸಿದೆ, ಆಕೆ ಅತ್ತರು ಎಂದೆ, ಕಾಲಿಗೆ ಬಿದ್ದರು ಎಂದೆ. ಸೇರಿಸಿದಾಗಲೆಲ್ಲ ಸ್ವಲ್ಪ ನಗು ಎದ್ದು ಮತ್ತೆ ಮಲಗುತ್ತಿತ್ತು. ಹನುಮಂತನಗರದಿಂದ ಬರುತ್ತಿದ್ದ ಒಬ್ಬ ಗೆಳೆಯ ಕೊನೆಗೆ, "ಗುರು, ಅದನ್ನ ಬಿಟ್ಟು ಬೇರೆ ಏನಾದ್ರೂ ಇದ್ರೆ ಹೇಳು. ಇಲ್ಲಾಂದ್ರೆ ಆ ಹುಡುಗಿ ಆಮೇಲ್ ಏನಾದ್ಲು ಅದನ್ನಾದ್ರೂ ಹೇಳು," ಎಂದ.

ನನಗೆ ಗೊತ್ತಿರಲಿಲ್ಲ. ಅವತ್ತು ಮನೆಗೆ ನಡೆದು ಬರುವಾಗ ಆ ಕಥೆಯಲ್ಲಿ ನಗು ತೆಗೆದರೆ ಏನು ಉಳಿಯುತ್ತದೆ ಎಂದು ಮೊದಲ ಬಾರಿಗೆ ಕಂಡಿತು.

ಆಮೇಲೆ ನಾನು ಕ್ಷಮೆ ಕೇಳಿದ ಬಗೆಯನ್ನೂ ಹೇಳಬೇಕು, ಅದು ಮಾಡಿದ ತಪ್ಪಿಗಿಂತ ಅಸಹ್ಯ. ಗಣೇಶನ ಹಬ್ಬದಲ್ಲಿ ಮಣ್ಣಿನ ಗಣಪತಿಯ ಪಾದದ ಬಳಿ ಇದ್ದ ಮಣ್ಣಿನ ಇಲಿಗೆ ಗರಿಕೆ ಇಟ್ಟು ಕೈ ಮುಗಿದು ಕ್ಷಮೆ ಕೇಳಿದೆ. ಕಡುಬನ್ನೂ ಇಟ್ಟೆ. ಸಂಜೆ ಅದನ್ನು ನಾನೇ ತಿಂದೆ. ಮುಖ್ಯಸ್ಥರು ಕಾಯಿಲೆ ಬಿದ್ದು ಚಾಮರಾಜಪೇಟೆಯ ಮನೆಯಲ್ಲಿ ಮಲಗಿದ್ದಾಗ ಹಣ್ಣು ತೆಗೆದುಕೊಂಡು ಹೋಗಿ, ಅವರ ಮಂಚದ ಪಕ್ಕ ಕುಳಿತು ಕಣ್ಣೀರು ಹಾಕುತ್ತಾ ನಿಜ ಹೇಳಿದೆ. ನಾನು ಒಳಗಿದ್ದೆ ಸಾರ್, ರೇಡಿಯೋ ಹಾಕಿದ್ದೆ, ಆಕೆ ಹೇಳಿದ್ದೇ ಸರಿ ಎಂದೆ. ಅವರು ಬಹಳ ಹೊತ್ತು ಸೂರು ನೋಡುತ್ತಾ ಇದ್ದರು. ಪಶ್ಚಾತ್ತಾಪವೇನೋ ಎಂದುಕೊಂಡೆ.

"ಯಾವ್ ಮ್ಯಾಚೋ ಅದು? ಗೆದ್ವಾ ನಾವು?" ಎಂದರು.

ಒಂದು ರಾತ್ರಿ ಹೆಂಡತಿಯನ್ನು ಎಬ್ಬಿಸಿ ಅವಳಿಗೂ ಹೇಳಿದೆ. ಅವಳು, ಇದನ್ನು ನನಗೆ ಯಾಕೆ ಹೇಳುತ್ತೀರಿ, ಹೇಳಬೇಕಾದವರಿಗೆ ಹೇಳಿ ಎಂದು ಎದ್ದು ಹೋದಳು.

ಹೇಳಬೇಕಾದವರು ಒಂದು ದಿನ ಎದುರಿಗೇ ಸಿಕ್ಕರು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ನೆಂಟರ ಮನೆಗೆಂದು ಮಲ್ಲೇಶ್ವರಕ್ಕೆ ಹೋಗಿದ್ದೆ. ಎಂಟನೇ ಅಡ್ಡರಸ್ತೆಯಲ್ಲಿ ಸೊಪ್ಪು ಮಾರುವವಳ ಮುಂದೆ ಬಗ್ಗಿ ದಂಟಿನ ಸೊಪ್ಪು ಆರಿಸುತ್ತಿದ್ದರು. ಕೆನ್ನೆಯ ಪಕ್ಕ ಕೂದಲು ನರೆತಿತ್ತು. ನಾನು ತಪ್ಪಿಸಿಕೊಂಡು ಹೋಗುವವನೇ. ಅವರೇ ತಲೆಯೆತ್ತಿ ಗುರುತು ಹಿಡಿದರು.

"ಚೆನ್ನಾಗಿದೀರಾ?" ಎಂದರು.

ಚೆನ್ನಾಗಿದ್ದೇನೆ ಎಂದೆ. ನೀವೇನು ಮಾಡುತ್ತಿದ್ದೀರಿ ಎಂದು ಕೇಳಿದೆ. ಮತ್ತಿಕೆರೆಯಲ್ಲಿ ಇದ್ದಾರಂತೆ, ಅಲ್ಲಿ ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳಿಗೆ ಟ್ಯೂಷನ್ ಹೇಳುತ್ತಾರಂತೆ. ಡಾಕ್ಟರೇಟ್ ಮತ್ತೆ ಮಾಡಲಿಲ್ಲವೇ ಎಂಬ ಪ್ರಶ್ನೆ ನನ್ನ ಬಾಯಿಗೆ ಬಂತು. ಅದನ್ನು ಕೇಳುವಷ್ಟು ನೀಚತನ ಮಾತ್ರ ಹೇಗೋ ತಪ್ಪಿತು. ಅವರು ಸೊಪ್ಪಿನ ಕಟ್ಟನ್ನು ಕೊಡವಿ ಚೀಲಕ್ಕೆ ಹಾಕಿದರು.

"ಈಗ್ಲೂ ಮ್ಯಾಚ್ ಕೇಳ್ತೀರಾ?"

ಕುಹಕ ಇತ್ತೇ ಎಂದು ಆ ಮಾತನ್ನು ನಾನು ಎಷ್ಟೋ ಸಲ ನೆನಪಿನಲ್ಲಿ ತಿರುಗಿಸಿ ನೋಡಿದ್ದೇನೆ. ಇರಲಿಲ್ಲ. ಬಾಗಿಲು ತೆರೆದು ಪಕ್ಕಕ್ಕೆ ನಿಂತ ಹಾಗಿತ್ತು ಅದು. ಒಳಗೆ ಹೋಗುವುದೊಂದೇ ನನ್ನ ಕೆಲಸ. ನಲ್ಲಿಯ ಬಳಿ ಅವರು ನನ್ನಿಂದ ಕೇಳಿದ್ದ ಅದೇ ಮಾತು, ಅಷ್ಟು ವರ್ಷ ಕಳೆದ ಮೇಲೂ, ಅಲ್ಲೇ ಸೊಪ್ಪಿನ ಬುಟ್ಟಿಯ ಮುಂದೆ ಹೇಳಿಬಿಡಬಹುದಿತ್ತು.

"ಈಗ ಟಿವಿ ಇದೆ ಮೇಡಂ," ಎಂದೆ.

ಅವರು ಹೂಂ ಎಂದರು. ಬರ್ತೀನಿ ಎಂದು ಬಸ್‌ಸ್ಟಾಪಿನ ಕಡೆ ನಡೆದರು. ಸೊಪ್ಪಿನವಳು ನಿಮಗೇನು ಬೇಕು ಎಂದು ಕೇಳಿದಳು. ಬೇಡದ ಕೊತ್ತಂಬರಿ ಕೊಂಡುಕೊಂಡು ನಿಂತೆ.

ಮಣ್ಣಿನ ಇಲಿಗೆ ಕೈ ಮುಗಿದಿದ್ದೇನೆ. ಏನೂ ಕಳೆದುಕೊಳ್ಳದ ಮುಖ್ಯಸ್ಥರ ಮುಂದೆ ಕಣ್ಣೀರು ಹಾಕಿದ್ದೇನೆ. ಹೆಂಡತಿಯ ನಿದ್ದೆ ಕೆಡಿಸಿದ್ದೇನೆ. ಕ್ಷಮೆಯನ್ನು ಎಲ್ಲೆಲ್ಲಿ ಸುಲಭವಾಗಿ ಕೇಳಬಹುದೋ ಅಲ್ಲೆಲ್ಲ ಕೇಳಿದ್ದೇನೆ. ನಾನು ಕ್ಷಮೆ ಕೇಳದೆ ಉಳಿದವರು ಒಬ್ಬರೇ. ಇಲಿ ಮೊದಲು ಚುರುಕಾಗಿ ಆಮೇಲೆ ಯಾಕೆ ನಿಧಾನಿಸುತ್ತದೆ ಎಂದು ನನ್ನಂಥವನಿಗೂ ಕಾಗದ ಬಿಡಿಸಿ ತಿಳಿಸಿ ಹೇಳಿದವರು, ದೊಡ್ಡವರ ಮುಂದೆ ನನ್ನನ್ನು 'ಅವರು' ಎಂದವರು, ನಾನು ಮುದ್ದೆ ಮೇಡಂ ಎಂದು ಕರೆದ ಆ ಅಧ್ಯಾಪಕಿ.